ಸೊನ್ನೆ ಕಿಲೋ ಕಸ

ದಿಂಬಿನಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಇಪ್ಪತ್ತೆರಡು ವರ್ಷದಿಂದ ಆಕೆ ದರ್ಜಿಗಳ ಬೀದಿಯ ಬಟ್ಟೆಚೂರುಗಳನ್ನು ಮೂಟೆಗಟ್ಟಲೆ ತಂದು, ಹಿಂಜಿ, ಕುರ್ಚಿಯ ದಿಂಬುಗಳಿಗೆ ತುಂಬುತ್ತಿದ್ದಳು. ಅವಳ ಶೆಡ್ಡಿನಿಂದ ಒಂದೆಳೆ ದಾರವೂ ಕಸದ ಗಾಡಿಗೆ ಹೋದದ್ದಿಲ್ಲ. ತೀರಾ ಪುಡಿಯಾದದ್ದು ಕೂಡ ಮಕ್ಕಳ ದಿಂಬಿನ ಮೂಲೆ ಸೇರುತ್ತಿತ್ತು.

ಈಗ ಹಿಂಜುವ ಯಂತ್ರಕ್ಕೆ ಮುಪ್ಪು. ಅರ್ಧ ಗಂಟೆ ಓಡಿದರೆ ಒಂದು ಗಂಟೆ ಹೊಗೆ ಬಿಡುತ್ತ ಕೂರುತ್ತಿತ್ತು. ಅದು ಪೂರಾ ನಿಂತರೆ ಅವಳೂ, ಜೊತೆಗೆ ಹೊಲಿಯುವ ಐವರು ಹೆಂಗಸರೂ ಕೈಕಟ್ಟಿ ಕೂರಬೇಕು. ಹೊಸ ಯಂತ್ರಕ್ಕೆ ಬ್ಯಾಂಕಿನವರು ಕಡಿಮೆ ಬಡ್ಡಿಯ ‘ಹಸಿರು ಸಾಲ’ ಕೊಡುತ್ತೇವೆ ಎಂದಿದ್ದರು. ಆದರೆ ಹೊಸ ನಿಯಮವಂತೆ: ಮೊದಲು ಪರಿಸರ ತಪಾಸಣೆ, ಅದಕ್ಕೂ ಮೊದಲು ಮೂವತ್ತೆಂಟು ಪುಟದ ಅರ್ಜಿ. ಮೂರು ಭಾನುವಾರ ಕೂತು ತುಂಬಿದ್ದಳು. ‘ನಿಮ್ಮ ನಿರ್ದೇಶಕ ಮಂಡಳಿ ಹವಾಮಾನದ ಬಗ್ಗೆ ವರ್ಷಕ್ಕೆ ಎಷ್ಟು ಸಲ ಚರ್ಚಿಸುತ್ತದೆ?’ ಎಂಬಲ್ಲಿ ಪೆನ್ನು ಕಚ್ಚಿ ಯೋಚಿಸಿ, ‘ಸೆಖೆ ಜಾಸ್ತಿಯಾದಾಗಲೆಲ್ಲ’ ಎಂದು ಬರೆದಿದ್ದಳು.

ತಪಾಸಣೆಗೆ ಬಂದವಳು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಮೃದು ಮಾತಿನವಳು. ಕುರ್ಚಿಯ ದಿಂಬು ಒತ್ತಿ ನೋಡಿ, “ಚೆನ್ನಾಗಿದೆ” ಅಂದಳು. ಆಮೇಲೆ ಟ್ಯಾಬ್ ತೆಗೆದಳು. ತೊಡಕು ಶುರುವಾದದ್ದು ಅಲ್ಲಿಂದ.

“ತಿಂಗಳ ಕಸ ಎಷ್ಟು ಅನ್ನೋ ಕಡೆ ಸೊನ್ನೆ ಬರೆದಿದ್ದೀರಿ. ಇದು ತಗೊಳ್ತಾ ಇಲ್ಲ, ಅಕ್ಕಾ.”

“ಸೊನ್ನೆ ಇದ್ರೆ ಸೊನ್ನೇನೇ ಅಲ್ವೇನಮ್ಮಾ ಬರೀಬೇಕು?”

“ಸೊನ್ನೆ ಅಂದ್ರೆ ತೂಕಾನೇ ಮಾಡಿಲ್ಲ ಅಂತ ಇದರ ಲೆಕ್ಕ. ಅದೂ ಅಲ್ದೆ, ಬರೋ ವರ್ಷ ಎಷ್ಟು ಕಡಿಮೆ ಮಾಡ್ತೀರಿ ಅಂತ ಗುರಿ ಹಾಕ್ಬೇಕು. ಸೊನ್ನೇಲಿ ಏನು ಕಡಿಮೆ ಮಾಡ್ತೀರಿ?”

“ಹಂಗಾದ್ರೆ ಕಸ ಮಾಡಿದೋರಿಗೆ ಸಾಲ, ಮಾಡದೋರಿಗೆ ಸೊನ್ನೆ!”

ಹುಡುಗಿ ನಗಲೂ ಆಗದೆ, ನಗದಿರಲೂ ಆಗದೆ ತುಟಿ ಕಚ್ಚಿದಳು. “ಒಂದು ದಾರಿ ಇದೆ. ಕೂಡಿಟ್ಟಿರೋ ಚೂರು ತೋರ್ಸಿ. ನಾನೇ ತೂಕ ಮಾಡಿ, ಫೋಟೋ ತೆಗೆದು, ಮರುಬಳಕೆ ಅಂತ ಬರ್ಕೋತೀನಿ.”

ದಿಂಬಿನಕ್ಕನಿಗೆ ಹೋದ ಜೀವ ಬಂದಂತಾಯಿತು. ಹಿತ್ತಿಲಲ್ಲಿ ಮೂಟೆಗಳು ಬೆಟ್ಟದ ಹಾಗೆ ಬಿದ್ದಿದ್ದವಲ್ಲ! ದುಡುದುಡು ಹೋಗಿ ಬಾಗಿಲು ತೆರೆದಳು.

ಹಿತ್ತಿಲು ಬೋಳು ತಲೆಯಂತೆ ಲಕಲಕ ಹೊಳೆಯುತ್ತಿತ್ತು. ನೀರು ಬೇರೆ ಚಿಮುಕಿಸಿದ್ದಾಗಿತ್ತು. ನಡುವೆ ಪೊರಕೆ ಹಿಡಿದು ನಿಂತಿದ್ದರು ಯಜಮಾನರು, ಅಂದರೆ ಅವಳ ಗಂಡ.

“ರೀ, ಮೂಟೆಗಳು?”

“ಬೆಳಗ್ಗೇನೇ ಗಾಡಿ ಮಾಡಿ ಕಸದ ಯಾರ್ಡಿಗೆ ಕಳಿಸ್ದೆ ಕಣೇ. ಪರಿಸರದೋರು ಬರ್ತಾರೆ, ಚಿಂದಿ ಗುಡ್ಡೆ ಹಾಕ್ಕೊಂಡು ಕೂತ್ರೆ ಏನಂದ್ಕೊಳ್ಳಲ್ಲ? ಮರ್ಯಾದೆ ಪ್ರಶ್ನೆ.”

“ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?”

“ನೀನು ಬೆಳಗ್ಗೆಯಿಂದ ಆ ಅರ್ಜೀನೇ ತಿರುವಿ ಹಾಕ್ತಾ ಕೂತಿದ್ದೆ.”

ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಗಂಡನ ಮೇಲೋ, ಟ್ಯಾಬಿನ ಮೇಲೋ, ಇಪ್ಪತ್ತೆರಡು ವರ್ಷ ಒಂದು ಚೀಟಿಯನ್ನೂ ಬರೆದಿಡದ ತನ್ನ ಮೇಲೋ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಿತ್ತು. ಬಾಗಿಲಲ್ಲಿ ಐವರು ಹೆಂಗಸರೂ ಸೂಜಿ ಕೈಯಲ್ಲೇ ಹಿಡಿದು ಮಿಕಮಿಕ ನೋಡುತ್ತಿದ್ದರು.

“ಯಾರ್ಡಲ್ಲಿ ತೂಕ ಮಾಡಿದ್ರಾ?” ಹುಡುಗಿ ಥಟ್ಟನೆ ಕೇಳಿದಳು.

“ಮಾಡದೆ ಬಿಡ್ತಾರಾ?” ಯಜಮಾನರು ಗಾಡಿಯವನು ತಂದುಕೊಟ್ಟಿದ್ದ ಮುದುರಿದ ಚೀಟಿಯನ್ನು ಜೇಬಿನಿಂದ ತೆಗೆದರು. ಆರುನೂರ ನಲವತ್ತು ಕಿಲೋ. ಸಹಿ, ಮೊಹರು, ತಾರೀಖು.

ಹುಡುಗಿ ಅಷ್ಟನ್ನೂ ತಿಂಗಳ ಕಸ ಎಂದು ತುಂಬಿ, ಚೀಟಿಯನ್ನು ಟ್ಯಾಬಿಗೆ ತೋರಿಸಿದಳು. ಇಷ್ಟು ಹೊತ್ತು ಕೆಂಪಗಿದ್ದ ಪುಟ ಹಸಿರಾಯಿತು.

“ತಗೊಳ್ತು! ಬರೋ ವರ್ಷದ ಗುರಿ ಎಷ್ಟು ಹಾಕ್ಲಿ?”

“ಸೊನ್ನೆ,” ಅಂದಳು ದಿಂಬಿನಕ್ಕ ಹಲ್ಲು ಕಚ್ಚಿ.

“ನೂರಕ್ಕೆ ನೂರು ಕಡಿತ! ಇಂಥ ಅಂಕ ಯಾರಿಗೂ ಬಂದಿಲ್ಲ, ಅಕ್ಕಾ.” ಹುಡುಗಿ ದನಿ ತಗ್ಗಿಸಿದಳು. “ನಂಗೂ ಇದು ಸರಿ ಅನ್ಸಲ್ಲ. ಆದ್ರೆ ತಿಂಗಳ ಕಸದ ಕಡೆ ಸೊನ್ನೆ ಹಾಕಿದ್ರೆ ನಿಮ್ಮ ಅರ್ಜಿ ಮುಂದಕ್ಕೇ ಹೋಗಲ್ಲ.”

ಇಪ್ಪತ್ತೆರಡು ವರ್ಷ ಉಳಿಸಿದ್ದಕ್ಕೆ ಅರ್ಜಿಯಲ್ಲಿ ಒಂದು ಸಾಲೂ ಇಲ್ಲ. ಒಂದು ಬೆಳಗ್ಗೆ ಎಸೆದದ್ದಕ್ಕೆ ನೂರಕ್ಕೆ ನೂರು. ಚೀಟಿ ಹರಿದು ಹುಡುಗಿಯ ಕೈಗಿಡೋಣ ಅನ್ನಿಸಿತು. ಬಾಗಿಲಿನ ಐದು ಮುಖ ನೋಡಿದಳು. ಅರ್ಜಿಯ ಕೊನೆಯ ಪುಟಕ್ಕೆ ಸಹಿ ಹಾಕಿದಳು, ಕಾಗದದ ಹಿಂದೆ ಅಚ್ಚು ಮೂಡುವಷ್ಟು ಒತ್ತಿ.

ಹುಡುಗಿ ಹೋದದ್ದೇ ತಡ, ಯಜಮಾನರು ಎದೆಯುಬ್ಬಿಸಿದರು. “ನೋಡ್ದ್ಯಾ? ನಾನು ಕಳಿಸಿದ್ದಕ್ಕೇ ಕೆಲ್ಸ ಆಗಿದ್ದು!”

ನಾಳೆ ಅರವತ್ತು ದಿಂಬು ತುಂಬಿ ಕಳಿಸಬೇಕಿತ್ತು. ಶೆಡ್ಡಿನಲ್ಲಿ ಒಂದು ಹಿಡಿ ಚೂರಿರಲಿಲ್ಲ. ದಿಂಬಿನಕ್ಕ ಗೋಡೆಯ ಮೊಳೆಯಿಂದ ನಾಲ್ಕು ಖಾಲಿ ಚೀಲ ತೆಗೆದು ಗಂಡನ ಹೆಗಲಿಗೆ ಹಾಕಿದಳು.

“ದರ್ಜಿ ಬೀದಿ ಒಂದು ಕಡೆಯಿಂದ ಸುತ್ಕೊಂಡು ಬನ್ನಿ. ಪ್ರತಿ ಅಂಗಡೀಲೂ ತೂಕ ಮಾಡ್ಸಿ, ಚೀಟಿ ಬರೆಸ್ಕೊಳ್ಳಿ. ಇನ್ನೊಂದ್ಸಲ ಯಾರಾದ್ರೂ ಬರ್ತಾರೆ ಅಂತ ಹಿತ್ತಿಲು ಗುಡಿಸಿದ್ರೋ, ನಿಮ್ಮನ್ನೇ ಗಾಡಿಗೆ ಹಾಕಿ ಯಾರ್ಡಲ್ಲಿ ತೂಕ ಮಾಡಿಸ್ತೀನಿ. ಮೊಹರು ಸಮೇತ!”