ನಾಗಣ್ಣನ ಹೆಸರಿನಲ್ಲಿ ಆಡಿದವನು

ಗುಲ್ಬರ್ಗಾ ಸೂಬಾ ತಂಡ ಹದಿನಾಲ್ಕು ವರ್ಷ ಆಡಿತು, ಹದಿಮೂರು ವರ್ಷ ಸೋತಿತು. ಇದನ್ನು ನಾನು ನಾಚಿಕೊಂಡು ಹೇಳುತ್ತಿಲ್ಲ. ಅಷ್ಟೂ ವರ್ಷ ಸ್ಕೋರ್ ಬರೆದವನು ನಾನೇ, ಸಾಯಬಣ್ಣ, ಗಿರಣಿಯ ಗುಮಾಸ್ತ. ಸೋಲನ್ನು ನನ್ನಷ್ಟು ಅಚ್ಚುಕಟ್ಟಾಗಿ ಬರೆದವರು ನಿಜಾಮರ ರಾಜ್ಯದಲ್ಲಿ ಇನ್ನೊಬ್ಬರಿರಲಿಲ್ಲ.

ಆ ರಾಜ್ಯದಲ್ಲಿ ನಾಲ್ಕು ಸೂಬಾಗಳು, ಎಂದರೆ ಪ್ರಾಂತಗಳು, ಇದ್ದವು. ವರ್ಷಕ್ಕೊಮ್ಮೆ ನಾಲ್ಕೂ ಸೂಬಾದವರು ಸಿಕಂದರಾಬಾದಿನಲ್ಲಿ ಕೂಡಿ ಒಂದು ಬೆಳ್ಳಿಯ ಕಪ್ಪಿಗಾಗಿ ಆಡುತ್ತಿದ್ದರು. ಔರಂಗಾಬಾದಿನವರಲ್ಲಿ ಬ್ಯಾಟ್ಸ್‌ಮನ್‌ಗಳಿದ್ದರು, ವಾರಂಗಲ್ಲಿನವರಲ್ಲಿ ಬೌಲರುಗಳಿದ್ದರು, ಮೇದಕಿನವರಿಗೆ ಅಂಪೈರುಗಳ ಪರಿಚಯವಿತ್ತು. ನಮಗೆ ಕರೀಂಸಾಬರಿದ್ದರು. ಅವರು ಹೈಸ್ಕೂಲಿನ ಡ್ರಿಲ್ ಮಾಸ್ತರರು, ನಮ್ಮ ಕ್ಯಾಪ್ಟನ್. ಪಿಚ್ಚಿನ ಮೇಲೆ ಹಾಸುವ ಚಾಪೆಯನ್ನು ತಾವೇ ಚಕ್ಕಡಿಯಲ್ಲಿ ಹೇರಿಸಿಕೊಂಡು ಬರುತ್ತಿದ್ದರು. ಆ ಚಾಪೆ ಎಳೆದು ಮೊಳೆ ಹೊಡೆಯಲು ಕಮಲಾಪುರದಿಂದ ಮಾಪಣ್ಣ ಎಂಬ ಕೂಲಿಯವನು ಬರುತ್ತಿದ್ದ. ಒಂದು ದಿನ ಅವನು ಸುಮ್ಮನೆ ಚೆಂಡೆಸೆದದ್ದನ್ನು ನೋಡಿದ ಕರೀಂಸಾಬರು ಅವನನ್ನು ತಂಡಕ್ಕೆ ಸೇರಿಸಿದರು. ಕೇರಿಯವನ ಜೊತೆ ಒಂದೇ ಮಡಕೆಯ ನೀರು ಹೇಗೆ ಕುಡಿಯುವುದು ಎಂದು ಇಬ್ಬರು ಗೊಣಗಿದರು. "ಬಾಯಾರಿಕೆ ಆಗಲಿಲ್ಲಂದ್ರ ಕುಡೀಬ್ಯಾಡ್ರಿ," ಎಂದರು ಕರೀಂಸಾಬರು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಎಲ್ಲರಿಗೂ ಬಾಯಾರಿಕೆಯಾಯಿತು.

ಆ ಪಂದ್ಯಾವಳಿಗೆ ಒಂದು ನಿಯಮವಿತ್ತು. ದಸರೆಯ ಹೊತ್ತಿಗೆ ಹದಿನಾಲ್ಕು ಹೆಸರು ಬರೆದು ಹೈದರಾಬಾದಿಗೆ ಕಳಿಸಬೇಕು. ಆ ಮೇಲೆ ಒಂದು ಹೆಸರನ್ನೂ ಬದಲಿಸುವಂತಿಲ್ಲ. ಯಾರಿಗೋ ಜ್ವರ ಬರುತ್ತದೆ, ಯಾರದೋ ಮದುವೆ ಇರುತ್ತದೆ. ಆಗ ಬೇರೆಯವನು ಆ ಹೆಸರಿನಲ್ಲಿ ಆಡುತ್ತಿದ್ದ. ನಾಲ್ಕೂ ಸೂಬಾದವರು ಇದನ್ನೇ ಮಾಡುತ್ತಿದ್ದರು, ಯಾರೂ ಯಾರ ಮೇಲೂ ಚಾಡಿ ಹೇಳುತ್ತಿರಲಿಲ್ಲ. ಪಟ್ಟಿಯಲ್ಲಿದ್ದ ಹೆಸರನ್ನೇ ಸ್ಕೋರ್ ಪುಸ್ತಕದಲ್ಲಿ ಬರೆಯುವುದು ನಮ್ಮ ರೂಢಿ. ಈ ರೂಢಿ ಒಬ್ಬ ಮನುಷ್ಯನ ಕುತ್ತಿಗೆಗೆ ಬರುತ್ತದೆ ಎಂದು ನಮಗೆ ಹೊಳೆದಿರಲಿಲ್ಲ.

ನಲವತ್ತೆಂಟರ ಮಾರ್ಚ್ ಪಂದ್ಯಕ್ಕೆ ಪಟ್ಟಿಯಲ್ಲಿದ್ದ ವಿಕೆಟ್ ಕೀಪರ್ ನಾಗಣ್ಣ, ಬಟ್ಟೆ ಅಂಗಡಿಯ ಮನೆತನದವನು. ಜನವರಿಯಲ್ಲೇ ಅವನು ನಿಜಾಮರ ವಿರುದ್ಧ ಹೋರಾಡುತ್ತಿದ್ದ ಕಾಂಗ್ರೆಸ್ಸಿನವರ ಜೊತೆ ಗಡಿ ದಾಟಿ ಸೊಲ್ಲಾಪುರದ ಕಡೆಯ ಕ್ಯಾಂಪಿಗೆ ಹೋಗಿಬಿಟ್ಟಿದ್ದ. ಇದು ಪೊಲೀಸರಿಗೆ ಗೊತ್ತಾದರೆ ಅವನ ಅಪ್ಪನ ಅಂಗಡಿಗೆ ಬೀಗ ಬೀಳುತ್ತಿತ್ತು, ಅಪ್ಪನಿಗೆ ಜೈಲಾಗುತ್ತಿತ್ತು. ಕರೀಂಸಾಬರು ನಮ್ಮನ್ನೆಲ್ಲ ಕೂಡಿಸಿ ಹೇಳಿದರು:

"ನಾಗಣ್ಣ ಎಲ್ಲಿಗೂ ಹೋಗಿಲ್ಲ. ನಮ್ಮ ಜೋಡಿ ಸಿಕಂದರಾಬಾದಿಗೆ ಬರಾಕತ್ತಾನ. ತಿಳೀತಿಲ್ಲೋ?"

ನಾಗಣ್ಣನಾಗಿ ಬಂದವನು ಶಬ್ಬೀರ್. ಕಮಲಾಪುರದ ಶಾಲೆಯಲ್ಲಿ ಮಾಸ್ತರನಾಗಿದ್ದ. ಎತ್ತರದ ಆಳು, ಮಾತು ಕಡಿಮೆ, ಕೈ ಮಾತ್ರ ಬಲು ಚುರುಕು. ತಡವಾಗಿ ಸೇರಿದ್ದರಿಂದ ಅವನ ಹೆಸರು ಪಟ್ಟಿಯಲ್ಲಿರಲಿಲ್ಲ. ರೈಲಿನಲ್ಲಿ ದಾರಿಯುದ್ದಕ್ಕೂ ನಾವು ಅವನನ್ನು "ನಾಗಣ್ಣ" ಎಂದು ಕರೆದು ರೂಢಿ ಮಾಡಿಸಿದೆವು. ನಾಲ್ಕು ಸಲ ಕರೆದರೆ ಒಂದು ಸಲ ತಿರುಗುತ್ತಿದ್ದ. ಕರೀಂಸಾಬರು ನಕ್ಕು ನಕ್ಕು ಸುಸ್ತಾದರು. ಆ ವರ್ಷ ನಾವು ವಾರಂಗಲ್ಲನ್ನು ಆರು ರನ್ನಿನಿಂದ ಸೋಲಿಸಿ ಕಪ್ ಗೆದ್ದೆವು.

ನಾವು ಗೆದ್ದ ದಿನವೇ ಇತ್ತ ಕಮಲಾಪುರದಲ್ಲಿ ನಿಜಾಮರ ಪರವಾದ ರಜಾಕಾರ ಪಡೆಯವರು ದೌಲಪ್ಪನೆಂಬ ರೈತನ ಜೋಳದ ಬಣವೆಗೆ ಬೆಂಕಿ ಇಟ್ಟರು. ಬಣವೆಯ ಪಕ್ಕದ ಕೊಟ್ಟಿಗೆಯಲ್ಲಿ ಕಟ್ಟಿದ್ದ ಎರಡು ಎತ್ತುಗಳು ಬೆಂದು ಸತ್ತವು.

ಸೆಪ್ಟೆಂಬರಿನಲ್ಲಿ ಭಾರತ ಸರಕಾರದ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಮುಗಿಯಿತು. ಮುಗಿದ ಮೇಲಿನ ವಾರಗಳು ಕೆಟ್ಟವು. ಸೇಡು ಎಂಬುದು ಮನೆ ನೋಡಲಿಲ್ಲ, ಮನುಷ್ಯರನ್ನು ನೋಡಲಿಲ್ಲ. ಆ ಗದ್ದಲದಲ್ಲಿ ಕರೀಂಸಾಬರ ಜೀವ ಹೋಯಿತು. ಹೇಗೆ ಹೋದರು ಎಂದು ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ. ಅಕ್ಟೋಬರಿನಲ್ಲಿ ಪೊಲೀಸರು ಶಬ್ಬೀರನನ್ನು ಹಿಡಿದುಕೊಂಡು ಹೋದರು. ಬಣವೆ ಸುಟ್ಟವರಲ್ಲಿ ಮಾಸ್ತರನೂ ಇದ್ದ ಎಂದು ದೌಲಪ್ಪ ಹೇಳಿಕೆ ಕೊಟ್ಟಿದ್ದ.

ದೌಲಪ್ಪ ಸುಳ್ಳುಗಾರನಲ್ಲ. ಹೊಗೆಯಲ್ಲಿ ಖಾಕಿ ಅಂಗಿಯ ಎತ್ತರದ ಆಳೊಬ್ಬನನ್ನು ಕಂಡಿದ್ದ. ಊರಿನಲ್ಲಿ ಅವನಿಗೆ ಗೊತ್ತಿದ್ದ ಅಷ್ಟು ಎತ್ತರದ ಸಾಬರೆಂದರೆ ಮಾಸ್ತರನೊಬ್ಬನೇ. ಎತ್ತುಗಳ ಕೂಗು ಅವನ ಕಿವಿಯಿಂದ ಹೋಗಿರಲಿಲ್ಲ. ಅವನ ಮೇಲೆ ಸಿಟ್ಟು ಮಾಡಬೇಕೆಂದು ನಾನು ಬಹಳ ಪ್ರಯತ್ನಪಟ್ಟೆ, ಪೂರ್ತಿ ಆಗಲಿಲ್ಲ.

ಐದು ತಿಂಗಳು ಶಬ್ಬೀರ್ ಜೈಲಿನಲ್ಲಿದ್ದ. ನಾನು ಎರಡು ಸಲ ರೊಟ್ಟಿ ಕಟ್ಟಿಸಿಕೊಂಡು ಹೋಗಿ ನೋಡಿ ಬಂದೆ. ಅವನ ಹೆಂಡತಿ ಜಾಹೇದಾ ನನ್ನ ಮನೆ ಬಾಗಿಲಿಗೆ ಬಂದು ಕೇಳಿದಳು:

"ಭಾಯಿಸಾಬ್, ಅವತ್ತ ಅವರು ನಿಮ್ಮ ಕಣ್ಣ ಮುಂದ ಇದ್ದರಲ್ಲ. ನಿಮ್ಮ ಪುಸ್ತಕದಾಗ ಬರ್ದೀರಲ್ಲ. ಹೋಗಿ ತೋರಸ್ರಿ."

ಪುಸ್ತಕದಲ್ಲಿ ನಾಗಣ್ಣ ಎಂದಿದೆ ಎಂದು ಅವಳಿಗೆ ಹೇಳಬೇಕಾಯಿತು. ತಂಡದವರು ಹೇಳಿದ್ದನ್ನು ಗೆಳೆಯನನ್ನು ಉಳಿಸುವ ಮಾತೆಂದು ಪೊಲೀಸರು ಆಗಲೇ ತಳ್ಳಿಹಾಕಿದ್ದರು.

ಫೆಬ್ರುವರಿಯಲ್ಲಿ ವಿಚಾರಣೆಗೆಂದು ಬಳ್ಳಾರಿ ಕಡೆಯ ಅಧಿಕಾರಿಯೊಬ್ಬರು ಬಂದು ಐವಾನ್-ಎ-ಶಾಹಿ ಅತಿಥಿಗೃಹದಲ್ಲಿ ಇಳಿದುಕೊಂಡರು. ನಾನು ಪುಸ್ತಕ ಹಿಡಿದುಕೊಂಡು ಹೋದೆ. ನಾಗಣ್ಣನೂ ಬಂದ. ಈಗ ಅವನು ಬಿಳಿ ಟೊಪ್ಪಿಗೆಯ ಮುಂದಾಳು, ಆದರೂ ಕರೆದ ಕೂಡಲೇ ಅಂಗಡಿ ಬಿಟ್ಟು ಬಂದ. ಆ ದಿನ ತಾನು ಸೊಲ್ಲಾಪುರದ ಕ್ಯಾಂಪಿನಲ್ಲಿದ್ದೆ ಎಂದು ಕಾಗದ ಸಮೇತ ಹೇಳಿದ. ಗೋಡೆಗೆ ಒರಗಿ ದೌಲಪ್ಪ ಕೂತಿದ್ದ. ಶಬ್ಬೀರನನ್ನು ಇಬ್ಬರು ಪೊಲೀಸರು ಕರೆತಂದು ನಿಲ್ಲಿಸಿದ್ದರು. ಅಂಗಿ ಅವನ ಮೈಮೇಲೆ ಜೋತು ಬಿದ್ದಿತ್ತು.

ಅಧಿಕಾರಿ ನಾಗಣ್ಣನಿಗೆ ಹೇಳಿದರು: "ನೀವು ಎಲ್ಲಿದ್ದಿರಿ ಅನ್ನೋದು ಇದರಿಂದ ಗೊತ್ತಾಗುತ್ತೆ. ಈತ ಎಲ್ಲಿದ್ದ ಅನ್ನೋದು ಗೊತ್ತಾಗೋದಿಲ್ಲ. ನಿಮ್ಮ ಹೆಸರಲ್ಲಿ ಬೇರೆ ಯಾರೋ ಆಡಿರಬಹುದು."

ನನ್ನ ಕಡೆ ತಿರುಗಿದರು. "ನೀವೇ ಬರೆದ ಪುಸ್ತಕ. ಅದರಲ್ಲಿ ಹೆಸರು ಸುಳ್ಳು ಅಂತ ನೀವೇ ಹೇಳ್ತೀರಿ. ಮಿಕ್ಕಿದ್ದನ್ನ ನಾನು ಹೇಗೆ ನಂಬಲಿ?"

ನನಗೆ ರೋಷ ಬಂತು. "ಸಾಹೇಬ್ರ, ಹೆಸರು ಕ್ಯಾಪ್ಟನ್ ಹೇಳಿದಂಗ ಬರ್ದೀನ್ರಿ. ಆದರ ಹದಿನಾಕು ವರ್ಷದಾಗ ಒಂದ ರನ್ ಸೈತ ಸುಳ್ಳು ಬರ್ದಿಲ್ರಿ. ಈ ಊರಾಗ ಯಾರನ್ನ ಬೇಕಾದ್ರೂ ಕೇಳ್ರಿ."

ಅವರು ಮದರಾಸಿನ ಕಾಲೇಜಿನಲ್ಲಿ ಕ್ರಿಕೆಟ್ ಆಡಿದ್ದವರಂತೆ. ಪುಸ್ತಕ ತೆಗೆದುಕೊಂಡು ವಾರಂಗಲ್ಲಿನ ಇನ್ನಿಂಗ್ಸ್ ಇದ್ದ ಹಾಳೆ ತೆರೆದರು. ಶಬ್ಬೀರನಿಗೆ ಹೇಳಿದರು: "ಕೀಪರ್ ಆಗಿದ್ದವನು ಪ್ರತಿ ಚೆಂಡನ್ನೂ ನೋಡಿರ್ತಾನೆ. ಹೇಳು, ಅವತ್ತು ಏನೇನಾಯ್ತು?"

ಶಬ್ಬೀರ್ ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ಹೇಳತೊಡಗಿದ. ಮೊದಲ ಓವರಿನಲ್ಲಿ ರನ್ ಇಲ್ಲ. ಎರಡನೆಯದರಲ್ಲಿ ಒಂದು ಬೌಂಡರಿ. ಐದನೆಯದರಲ್ಲಿ ದಪ್ಪಗಿನ ಓಪನರ್ ಔಟು, ಕ್ಯಾಚ್ ತನ್ನದೇ. ಮಾಪಣ್ಣನ ಕೈಗೆ ಚೆಂಡು ಬಂದದ್ದು ಹನ್ನೊಂದನೆಯ ಓವರಿನಲ್ಲಿ. ಸ್ಟಂಪಿಂಗ್ ಎರಡು, ಎರಡೂ ಅವನದೇ ಚೆಂಡಿಗೆ. ಅಧಿಕಾರಿಯ ಬೆರಳು ಹಾಳೆಯ ಮೇಲೆ ಸಾಲು ಸಾಲಾಗಿ ಸರಿಯುತ್ತಿತ್ತು. ಎಲ್ಲಿಯೂ ನಿಲ್ಲಲಿಲ್ಲ. ನನ್ನ ಎದೆ ಉಬ್ಬಿತು. ಗೆದ್ದೆವು ಎಂದುಕೊಂಡೆ.

ಅಧಿಕಾರಿಯ ಮುಖ ಮಾತ್ರ ಗಂಟಾಗುತ್ತ ಹೋಯಿತು.

"ಇಷ್ಟು ಸರಿಯಾಗಿ ಯಾರಿಗೂ ನೆನಪಿರೋದಿಲ್ಲ," ಎಂದರು. ನನ್ನನ್ನು ನೋಡಿದರು. "ನೀವು ಎರಡು ಸಲ ಜೈಲಿಗೆ ಹೋಗಿದ್ದೀರಿ. ಪುಸ್ತಕ ತೋರಿಸಿ ಬಾಯಿಪಾಠ ಮಾಡಿಸಿ ಬಂದಿರಬಹುದು."

"ರೊಟ್ಟಿ ಒಯ್ದಿದ್ನಿ ಸಾಹೇಬ್ರ, ಪುಸ್ತಕ ಅಲ್ರಿ!" ಎಂದು ಕೂಗಿದೆ. ಯಾರು ಕೇಳುತ್ತಾರೆ? ಸರಿಯಾಗಿ ಹೇಳಿದ್ದೇ ತಪ್ಪಾಗಿತ್ತು. ಶಬ್ಬೀರ್ ಮರಳಿ ಜೈಲಿಗೆ ಹೋಗುವುದು ಖಚಿತವೆಂದುಕೊಂಡೆ.

ಶಬ್ಬೀರನಿಗೆ ಇದೊಂದೂ ಕೇಳಿಸಿದಂತಿರಲಿಲ್ಲ. ಮನಸ್ಸಿನಲ್ಲಿ ಅವನಿನ್ನೂ ಆ ಚಾಪೆಯ ಹಿಂದೆಯೇ ಕೂತಿದ್ದ.

"ಮೂವತ್ತೆರಡನೇ ಓವರ್," ಎಂದ. "ಮಾಪಣ್ಣಂದು. ನಾಕನೇ ಚೆಂಡು ನನ್ನ ಕಾಲ ಸಂದಿಲಿಂದ ಹಿಂದ ಹೋತು. ಒಂದು ಬೈ."

ಬ್ಯಾಟಿಗೂ ತಾಗದೆ ಕೀಪರನ ಕೈಗೂ ಸಿಗದೆ ಹಿಂದೆ ಹೋದ ಚೆಂಡಿಗೆ ಓಡಿದ ರನ್ನಿಗೆ ಬೈ ಎನ್ನುತ್ತಾರೆ. ಅದು ಬ್ಯಾಟ್ಸ್‌ಮನ್ನನ ಲೆಕ್ಕಕ್ಕೆ ಸೇರುವುದಿಲ್ಲ. ಅದರ ನಾಚಿಕೆಯೆಲ್ಲ ಕೀಪರನಿಗೆ.

ಅಧಿಕಾರಿ ಬೆರಳು ನಿಲ್ಲಿಸಿದರು. "ಇಲ್ಲಿ ಬೈ ಇಲ್ಲ. ಬ್ಯಾಟ್ಸ್‌ಮನ್‌ಗೆ ಒಂದು ರನ್ ಅಂತಿದೆ. ಇಡೀ ಇನ್ನಿಂಗ್ಸ್‌ನಲ್ಲಿ ಒಂದು ಬೈ ಕೂಡ ಇಲ್ಲ."

"ಅದ ರೀ," ಎಂದ ಶಬ್ಬೀರ್. "ನನ್ನ ತಪ್ಪು ನನಗ ಗೊತ್ತಿರಲ್ಲೇನ್ರಿ? ಸ್ಲಿಪ್‌ನಾಗ ನಿಂತಾಂವ 'ನಾಗಣ್ಣಾ!' ಅಂತ ಒದರಿದ. ನಾನ ನಾಗಣ್ಣ ಅನ್ನೋದು ಮರ್ತಬಿಟ್ನಿ. ಖರೇ ನಾಗಣ್ಣ ಸಿಕ್ಕಿಬಿದ್ದ, ಪೊಲೀಸ್ರು ಹಿಡ್ಕೊಂಡು ಬಂದ್ರು ಅಂತ ತಿಳ್ಕೊಂಡು ಎದಿ ಝಲ್ ಅಂತು. ಅತ್ತಾಗ ನೋಡಿದ್ನಿ. ಇತ್ತಾಗ ಚೆಂಡು ಹೋತು."

ನಾಗಣ್ಣ ಬಿಳಿ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅವನಿಗೆ ಈ ಮಾತು ಆವರೆಗೆ ಗೊತ್ತಿರಲಿಲ್ಲ.

"ಸಾಯಬಣ್ಣನವರೇ, ಬೈ ಇತ್ತೋ, ಇರಲಿಲ್ಲವೋ?" ಎಂದು ಅಧಿಕಾರಿ ಕೇಳಿದರು.

ಇರಲಿಲ್ಲ ಎಂದರೆ ಶಬ್ಬೀರನ ಮಾತು ಸುಳ್ಳಾಗುತ್ತದೆ. ಇತ್ತು ಎಂದರೆ ಪುಸ್ತಕ ಸುಳ್ಳಾಗುತ್ತದೆ, ಈಗತಾನೆ ಎದೆ ತಟ್ಟಿಕೊಂಡ ನಾನೂ ಸುಳ್ಳಾಗುತ್ತೇನೆ, ಮತ್ತೆ ಆ ಪುಸ್ತಕವನ್ನು ಯಾರೂ ಮೂಸಿ ನೋಡುವುದಿಲ್ಲ. ಎರಡು ಕಡೆಗೂ ಬಾವಿ. ಶಬ್ಬೀರನ ಕಡೆ ನೋಡಿದೆ. ಅವನು ಏನೂ ಅರ್ಥವಾಗದೆ ನನ್ನನ್ನೇ ನೋಡುತ್ತಿದ್ದ. ಪುಸ್ತಕದಲ್ಲಿ ತನ್ನ ಬೈ ಇದೆ ಎಂದೇ ಅವನು ಹನ್ನೊಂದು ತಿಂಗಳು ನಂಬಿದ್ದ.

"ಇತ್ರಿ," ಎಂದೆ. "ಅಂಪೈರ್ ಕೈ ಎತ್ತಿದ್ರು. ನಾ ಮೊದಲ ಬೈ ಅಂತನ ಬರ್ದಿದ್ನಿ. ಆಮ್ಯಾಲ ಅಳಿಸಿದ್ನಿ."

"ಯಾಕೆ?"

"ಅವ ಮುಂಜಾನಿಂದ ಒಂದ ಚೆಂಡೂ ಬಿಟ್ಟಿದ್ದಿಲ್ರಿ. ಬೆರಳು ಸೀಳಿ ರಕ್ತ ಸೋರಾಕತ್ತಿತ್ತು. ಇಷ್ಟೆಲ್ಲ ಮಾಡಿದ್ದು ಮತ್ತೊಬ್ಬನ ಹೆಸರಿಗೆ ಹೋಗ್ತದ. ಅದರಾಗ ಒಂದು ಕಪ್ಪು ಚುಕ್ಕಿ ಬ್ಯಾಡ ಅನ್ನಿಸ್ತು. ಚಹಾ ಕುಡಿಯೋ ಹೊತ್ತಿನಾಗ ಬ್ಯಾಟಿಗೆ ತಾಗ್ಯಾದ ಅಂತ ವಾರಂಗಲ್ ಸ್ಕೋರರ್‌ಗೆ ಹೇಳಿದ್ನಿ. ಅವರ ಹುಡುಗ ನಲವತ್ತೊಂಬತ್ತಕ್ಕ ನಿಂತಿದ್ದ. ಐವತ್ತಾಗ್ತದಂತ ಅವ ಖುಷಿಲಿಂದ ತಿದ್ದಕೊಂಡ." ಹದಿನಾಲ್ಕು ವರ್ಷದಲ್ಲಿ ನಾನು ಮಾಡಿದ ಒಂದೇ ಕಳ್ಳತನವನ್ನು ಅಷ್ಟು ಜನರ ಮುಂದೆ ಒಪ್ಪಿಕೊಂಡಿದ್ದೆ. ನಾಚಿಕೆಗಿಂತ ಹೆಚ್ಚಾಗಿ ಭಯವೇ ಆಗಿತ್ತು. ಶಬ್ಬೀರನನ್ನು ನಾನೇ ಮುಳುಗಿಸಿದೆ ಎಂದುಕೊಂಡೆ.

ಅಧಿಕಾರಿ ಎದ್ದು ಕಿಟಕಿಗೆ ಹೋದರು. ಹಾಳೆಯನ್ನು ಬಿಸಿಲಿಗೆ ಹಿಡಿದರು. ಪೆನ್ಸಿಲಿನ ಬರಹ ಅಳಿಸಿದರೂ ಕಾಗದದ ಮೇಲೆ ಅದರ ಒತ್ತು ಹೋಗುವುದಿಲ್ಲ. ಬಹಳ ಹೊತ್ತು ನೋಡಿದರು, ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಬಂದು ಕೂತು ಪೆನ್ನು ತೆಗೆದರು.

"ಪುಸ್ತಕ ಬಾಯಿಪಾಠ ಮಾಡಿದವನು ಬೈ ಇಲ್ಲ ಅಂತಾನೇ ಹೇಳ್ತಿದ್ದ," ಎಂದರು. "ನೀವು ಕಲಿಸಿದ್ದರೆ ಅದನ್ನೇ ಕಲಿಸ್ತಿದ್ದಿರಿ. ನಿಮ್ಮ ಮುಖ ನಾನು ನೋಡಿದೆ. ಇದು ಚೆಂಡು ಬಿಟ್ಟವನಿಗೆ ಮಾತ್ರ ಗೊತ್ತಿರೋ ಮಾತು."

ಮೂರು ಸಾಲು ಬರೆದು ರುಜು ಹಾಕಿದರು. ಬಿಡುಗಡೆ. ಆ ಮೇಲೆ, ಬೇರೆಯವರ ಹೆಸರಿನಲ್ಲಿ ಆಡಿದ್ದು ಈಗ ಸರಕಾರದ ಕಾಗದದಲ್ಲಿ ಬಂತು, ಕಪ್ ನಿಮ್ಮ ಬಳಿ ಉಳಿಯುವುದಿಲ್ಲ ಎಂದರು. ನಾಗಣ್ಣನೇ ಮುಂದಿನ ವಾರ ಅದನ್ನು ಹೈದರಾಬಾದಿಗೆ ಒಯ್ದು ಒಪ್ಪಿಸಿ ಬಂದ. ಗೆದ್ದವರ ಪಟ್ಟಿಯಲ್ಲಿ ಆ ವರ್ಷದ ಎದುರು ಈಗ ವಾರಂಗಲ್ ಎಂದು ಬರೆದಿದೆ. ಕೇಳಿದಾಗ ನನಗೆ ಸಂಕಟವಾಯಿತು, ಆಗಲಿಲ್ಲ ಎಂದರೆ ಅದೂ ಸುಳ್ಳೇ.

ಹೊರಗೆ ಬಂದಾಗ ದೌಲಪ್ಪ ಮೆಟ್ಟಿಲ ಬಳಿ ಶಬ್ಬೀರನನ್ನು ತಡೆದ. ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಿದ್ದ.

"ಮಾಸ್ತರ್ರ, ನನ್ನ ಕಣ್ಣು ಮೋಸ ಮಾಡ್ತು. ಹೊಗಿ ಇತ್ರಿ. ಎತ್ತು ಒದರಾಕತ್ತಿದ್ದವು."

ಶಬ್ಬೀರ್ ಅವನ ಭುಜ ಮುಟ್ಟಿದ. "ಅಂಥಾ ಹೊತ್ತಿನಾಗ ಕಣ್ಣು ಎತ್ತಾಗರ ಹೋಗ್ತದ, ದೌಲಪ್ಪ. ನಂದೂ ಹೋಗಿತ್ತು."

ನಾನಾಗಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಐದು ತಿಂಗಳು ಜೈಲಿನ ನುಚ್ಚು ತಿಂದು ಬಂದ ಮೇಲೆ ಎರಡು ಮಾತಾದರೂ ಆಡಿಯೇ ಆಡುತ್ತಿದ್ದೆ. ಈ ವಿಷಯದಲ್ಲಿ ಜಾಹೇದಾ ನನ್ನ ಕಡೆಯವಳು. ಅವಳು ಗೇಟಿನ ಬೇವಿನ ಮರದ ಕೆಳಗೆ ನಿಂತಿದ್ದಳು, ದೌಲಪ್ಪ ಕೈ ಮುಗಿದರೂ ಮುಖ ಆಚೆ ತಿರುಗಿಸಿದಳು. ಅವಳ ಕಂಕುಳಲ್ಲಿ ನವೆಂಬರಿನಲ್ಲಿ ಹುಟ್ಟಿದ ಹೆಣ್ಣುಮಗುವಿತ್ತು. ತಂದೆ ಅದರ ಮುಖವನ್ನು ಇನ್ನೂ ನೋಡಿರಲಿಲ್ಲ.

ಶಬ್ಬೀರ್ ಎರಡೂ ಕೈ ಚಾಚಿದ. ಚಾಚಿದವನು ಹಿಂದಕ್ಕೆ ಎಳೆದುಕೊಂಡು ಅಂಗಿಗೆ ಒರೆಸಿಕೊಂಡ.

"ಬ್ಯಾಡ," ಎಂದ. "ಕೈ ನಿಲ್ಲವಲ್ದು. ಬಿಟ್ಟಗಿಟ್ಟೇನು."

"ಬಿಡಂಗಿಲ್ಲ," ಎಂದಳು ಜಾಹೇದಾ, ಮತ್ತು ಮಗುವನ್ನು ಅವನ ಕೈಗೆ ಹಾಕಿಬಿಟ್ಟಳು.

ಅವನು ಮಗುವನ್ನು ಎದೆಗೆ ಒತ್ತಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ನಾಗಣ್ಣ ಹೋಗಿ ಅವನ ಪಕ್ಕದಲ್ಲಿ ಕೂತ. ನಾನು ಮರದ ಆಚೆ ಬದಿಗೆ ಹೋಗಿ ಮನಸ್ಸು ಹಗುರಾಗುವವರೆಗೂ ಅತ್ತೆ.