ವಂಶದ ವಸಡು

ಉಪ್ಪಿಟ್ಟು ತಿನ್ನುವುದಕ್ಕೆ ಇಷ್ಟು ಸಪ್ಪಳ ಬೇಕೇನು, ಅಡುಗೆಮನೆ ಬಾಗಿಲ ಹಿಂದೆ ನಿಂತ ನನಗೂ ಕೇಳುತ್ತಿದೆ, ಹೆಣ್ಣು ನೋಡೋಕೆ ಬಂದ ಹಾಸನದ ಗಂಡಂತೆ, ಮೇಷ್ಟರಂತೆ, ಮೀಸೆಗೆ ರವೆ ಅಂಟಿಸಿಕೊಂಡು ಕೂತಿದ್ದಾನೆ, ಇವನ ಮುಂದೆ ನಮ್ಮ ಪ್ರೇಮ ತಲೆ ಬಗ್ಗಿಸಬೇಕು — ಬಗ್ಗಿಸಿದ್ದಾಳೆ, ಎಡಗೈ ಸೆರಗಿನೊಳಗೆ, ಅಲ್ಲೇ ಇರಲಿ ಎಂದವನು ಅವಳಪ್ಪ, ನನ್ನ ತಮ್ಮ ಚನ್ನಬಸವಯ್ಯ, ಚನ್ನರಾಯಪಟ್ಟಣದ ಪೇಟೆಯಲ್ಲಿ ಹುಲಿ, ನೆಂಟರ ಮುಂದೆ ಇಲಿ. ಆ ಕೈ ಕಾಣಬಾರದು, ಮಣಿಕಟ್ಟಿನಿಂದ ಬೆರಳ ಸಂದಿಯವರೆಗೆ ಸುಟ್ಟು ಸುಕ್ಕಾದ ಚರ್ಮ, ಹದಿಮೂರು ವರ್ಷದವಳಿದ್ದಾಗ ರೊಟ್ಟಿ ಬೇಯಿಸುತ್ತಾ ಮೂರ್ಛೆ ಬಂದು ಒಲೆಗೆ ಬಿದ್ದಳು, ಎಳೆದವಳು ನಾನು, ಇವನು ಬೀಗದ ಕೈ ಗೊಂಚಲು ತಂದು ಅವಳ ಬಲಗೈಗೆ ತುರುಕಿ, ಕಬ್ಬಿಣ ಹಿಡಿದ್ರೆ ಎಲ್ಲ ಸರಿಹೋಯ್ತದೆ ಅಂತ ನಿಂತಿದ್ದ, ಎಡಗೈಯ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿದ್ದರೂ. ಒಂದು ಹಾಡು ಹೇಳವ್ವ ಎಂದಳು ಗಂಡಿನ ತಾಯಿ ಸುವರ್ಣಮ್ಮ, ಪ್ರೇಮ ಹೇಳಿದಳು, ಎರಡು ಸಾಲು ಮುಗಿದಿಲ್ಲ, ಕನ್ನಡಕ ಮೇಲೇರಿಸಿ ಬಗ್ಗಿದಳು ಮಾರಾಯಗಿತ್ತಿ, ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ, ಇದೇನ್ರೀ, ಹುಡುಗಿ ವಸಡು ಇಂಗೆ ಉಬ್ಬಿ ಹಲ್ಲೆಲ್ಲ ಮುಚ್ಕೊಂಡೈತೆ? ತಮ್ಮ ನಡುವೆ ಬಾಯಿ ಹಾಕಿದ, ಅದಾ, ಅದು ನಮ್ಮ ವಂಶದ್ದು ಕಣವ್ವ, ಬ್ಯಾರೆ ಏನೂ ಇಲ್ಲ, ಬೇಕಾದ್ರೆ ನಮ್ಮಕ್ಕನ ಬಾಯೇ ನೋಡಿ, ನೀಲಕ್ಕಾ, ಒಸಿ ಈಚೆ ಬಾ.

ಆಹಾ, ಈಗ ನೀಲಕ್ಕ ಬೇಕಾದಳು. ಮೂವತ್ತು ವರ್ಷ ಯಾರ ಮನೆ ಶುಭಕ್ಕೂ ಎದುರು ಬರಬೇಡ ಎಂದ ಬಾಯಿ ಇದು, ಗಂಡ ಬಿಟ್ಟವಳು ಅಂತ. ಬಿಟ್ಟ ಮಹಾಶಯ ಹೊಳೆನರಸೀಪುರದವನು, ನಾನು ದೊಡ್ಡವಳಾಗಿ ಆ ಮನೆಗೆ ಹೋದ ಮೂರನೇ ತಿಂಗಳು, ನಕ್ಕರೆ ಹಲ್ಲಿಗಿಂತ ಮಾಂಸವೇ ಕಾಣ್ತದೆ, ಹುಟ್ಟೋ ಮಕ್ಕಳಿಗೂ ಇದೇ ಬಾಯಿ ಬಂದ್ರೆ ಏನ್ ಗತಿ ಎಂದು ಗಾಡಿ ಹತ್ತಿಸಿದ, ಅವನ ಹಲ್ಲೋ, ಹೊಗೆಸೊಪ್ಪಿಗೆ ಕರಿ ಹಿಡಿದದ್ದು, ಆದರೂ ಅವನೇ ನ್ಯಾಯಾಧೀಶ. ಅರಕಲಗೂಡಿನ ನಮ್ಮಜ್ಜಿಗೆ ಈ ವಸಡು ಇತ್ತು, ಅವ್ವನಿಗೆ ಇತ್ತು, ನನಗೆ ಬಂತು, ಅಂದಿನಿಂದ ಸೆರಗು ಬಾಯಿಗೆ ಅಡ್ಡ, ನಗು ಬಂದರೂ, ಆಕಳಿಕೆ ಬಂದರೂ. ಆದರೆ ಪ್ರೇಮನ ಬಾಯಿ ಅವಳ ತಾಯಿಯದು, ಮಲ್ಲಿಗೆ ಮೊಗ್ಗಿನಂಥ ಹಲ್ಲು, ಎರಡು ವರ್ಷದ ಕೆಳಗೆ ಮೈಸೂರಿನ ಡಾಕ್ಟರು ಮೂರ್ಛೆಗೆಂದು ಒಂದು ಬಿಳಿ ಗುಳಿಗೆ ಕೊಟ್ಟರು, ಆಮೇಲೆ ಒಂದು ಸಲವೂ ಬಿದ್ದಿಲ್ಲ, ವಸಡು ಮಾತ್ರ ಬೆಳೆಯುತ್ತಾ ಬಂತು, ಡಾಕ್ಟರು ಇಬ್ಬರ ಬಾಯಿಯೂ ನೋಡಿ ಹೇಳಿದರು, ನಿಮ್ಮದು ರಕ್ತದಲ್ಲಿ ಬಂದದ್ದಮ್ಮ, ಇವಳದು ಗುಳಿಗೆಯಿಂದ, ನೋಡೋಕೆ ಎರಡೂ ಒಂದೇ, ಹಲ್ಲು ಚೆನ್ನಾಗಿ ಉಜ್ಜಲಿ, ಆದರೆ ಗುಳಿಗೆ ಬಿಡಿಸಬೇಡಿ, ಬಿಡಿಸಿದರೆ ಮೂರ್ಛೆ ಇನ್ನೂ ಜೋರಾಗಿ ಬರುತ್ತೆ. ಬಾಗಿಲ ಬಳಿ ನಿಂತು ತಮ್ಮನೂ ಕೇಳಿದ್ದ. ಕೇಳಿದವನ ಬುದ್ಧಿ ನೋಡಿ, ಇವತ್ತು ಬೆಳಿಗ್ಗೆ, ಅಕ್ಕಾ ಇವತ್ತು ಗುಳಿಗೆ ಕೊಡಬ್ಯಾಡ, ಸಂಜೆ ಅವರು ಬರೋ ಹೊತ್ಗೆ ವಸಡು ಒಸಿ ಇಳೀತದೆ — ಅದೇನು ಉಕ್ಕಿದ ಹಾಲೇ, ಬೆಂಕಿ ತೆಗೆದೊಡನೆ ಇಳಿಯುವುದಕ್ಕೆ! — ಮದುವೆ ಆಗ್ಲಿ, ಪೂರಾ ನಿಲ್ಲಿಸಿಬಿಡಾನ, ಯಾರಿಗೂ ಗೊತ್ತಾಗಲ್ಲ. ನಾನೇನು ಸಾಚಾ, ಕೊಡದೇ ಇದ್ದೆನಲ್ಲ, ಥೂ, ಸೀಸೆ ಇಲ್ಲೇ ಸೊಂಟದಲ್ಲಿದೆ. ವಂಶದ್ದೇ ಎಂದು ಈಗ ನನ್ನ ಬಾಯಿ ತೋರಿಸಿದರೆ ಮುಗೀತು, ವಂಶದ ವಸಡಿಗೆ ಯಾವ ಸೊಸೆ ದಿನಾ ಗುಳಿಗೆ ನುಂಗುತ್ತಾಳೆ ಎಂದು ಈ ಸುವರ್ಣಮ್ಮ ಕೇಳದೆ ಬಿಡುವಳೇ, ಗುಳಿಗೆ ನಿಲ್ಲಿಸಲೇಬೇಕು, ಮೂರ್ಛೆ ಬಂದೇ ಬರುತ್ತೆ, ಹಾಸನದ ಮನೆಯಲ್ಲೂ ಒಲೆ ಇರುತ್ತೆ, ಅಲ್ಲಿ ಎಳೆಯುವುದಕ್ಕೆ ನಾನಿರುವುದಿಲ್ಲ, ಆ ಕೈ, ಆ ಸುಕ್ಕು —

ನಡುಮನೆಗೆ ಬಂದಿದ್ದೇನೆ, ಯಾವಾಗ ಹೊಸಿಲು ದಾಟಿದೆನೋ, ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ, ನೋಡಲಿ, ಸೆರಗು ಇಳಿಸಿದೆ, ಅಗಲವಾಗಿ ತೆರೆದೆ, ಸುವರ್ಣಮ್ಮ ಮುಖ ಹಿಂದಕ್ಕೆಳೆದುಕೊಂಡಳು, ತಮ್ಮ ಹಲ್ಲು ಕಿರಿದ, ನಾನ್ ಯೋಳಿಲ್ವಾ ಅನ್ನುವಂತೆ, ಪಾಪ, ಗೆದ್ದೆ ಅಂದುಕೊಂಡ. ನೋಡಿದ್ರಾ ಅವ್ವಾ, ವಂಶದ್ದು ಅಂದ್ರೆ ಇದು, ಇದು ನನ್ನದು, ಹುಡುಗೀದು ಇದ್ರಿಂದ ಬಂದದ್ದು — ಸೊಂಟದಿಂದ ಸೀಸೆ ತೆಗೆದು ಅವರು ಇನ್ನೂ ಮುಟ್ಟದ ಎಲೆಅಡಿಕೆ ತಟ್ಟೆಯ ಮಧ್ಯೆ ಇಟ್ಟೆ — ಮೂರ್ಛೆ ಐತೆ ಅವಳಿಗೆ, ಇದು ನುಂಗಿದ್ರೆ ಬರಲ್ಲ, ನುಂಗಿಸೋರಾದ್ರೆ ಎಲೆ ತಗೊಳ್ಳಿ, ಇಲ್ಲಾಂದ್ರೆ ಎದ್ದು ಹೋಗಿ. ಅಗಿಯುವ ಸಪ್ಪಳ ನಿಂತಿತು, ಅಂತೂ ನಿಂತಿತು, ಯಾರೂ ಎಲೆ ಮುಟ್ಟಲಿಲ್ಲ, ತಮ್ಮನ ಕೈ ಬೀಗದ ಕೈ ಗೊಂಚಲ ಮೇಲೆ, ಅದೊಂದೇ ಗೊತ್ತು ಅವನಿಗೆ, ಸುವರ್ಣಮ್ಮ ಏಳುತ್ತಿದ್ದಾಳೆ, ಮೇಷ್ಟರು ಏಳಲೋ ಬೇಡವೋ ಎಂದು ತಾಯಿಯ ಮುಖ ನೋಡುತ್ತಿದ್ದಾನೆ, ನಾನು ಹುಡುಗಿಯ ಮದುವೆ ಕೆಡಿಸಿದೆನೇ, ಕೆಡಿಸಿದೆ, ಇನ್ನೊಮ್ಮೆ ಕೆಡಿಸುತ್ತೇನೆ, ಪ್ರೇಮಾ, ನನ್ನನ್ನು ಬೈದುಬಿಡು — ಬೈಯುತ್ತಿಲ್ಲ, ತಲೆಯೂ ಎತ್ತಿಲ್ಲ, ಸೆರಗು ಅಲುಗುತ್ತಿದೆ, ಈಚೆ ಬರುತ್ತಿದೆ, ಎಲ್ಲರೆದುರಿಗೆ, ತಟ್ಟೆಯ ಮೇಲೆ, ಸೀಸೆಯ ಮುಚ್ಚಳ ತಿರುಗಿಸುತ್ತಿದೆ, ಆ ಕೈ, ಸುಟ್ಟು ಸುಕ್ಕಾದ ಆ ಎಡಗೈ.