ಸೊಂಟಮಟ್ಟದ ನೀರು

ಯತೀಶ ಸಮುದ್ರದಲ್ಲಿ ಸೊಂಟಮಟ್ಟದಿಂದ ಮುಂದೆ ಒಂದು ದಿನವೂ ಇಳಿದವನಲ್ಲ. ಇದು ಅವನೊಬ್ಬನಿಗೇ ಗೊತ್ತಿತ್ತು. ಅಮೆರಿಕದ ಬೆಲ್ವ್ಯೂ ಊರಿನ ಅವನ ಆಫೀಸಿನವರೂ ಅಲ್ಲಿಯ ಕನ್ನಡದವರೂ ನೋಡುತ್ತಿದ್ದದ್ದು ಅವನ ಫೇಸ್‌ಬುಕ್ ಫೋಟೊಗಳನ್ನು. ಆಲ್ಕೈ ತೀರದ ಬೆಳಗಿನ ಜಾವ, ನೀರಿನಾಚೆ ಸಿಯಾಟಲ್‌ನ ಕಟ್ಟಡಗಳ ಹಿಂದಿನಿಂದ ಏಳುವ ಸೂರ್ಯ, ಮುಂದೆ ತಲೆಯಿಂದ ನೀರಿಳಿಸಿಕೊಂಡು ನಿಂತ ಯತೀಶ. ಕೆಳಗೊಂದು ಸಾಲು: 'ಇವತ್ತು ಇಪ್ಪತ್ತು ನಿಮಿಷ ಈಜಿದೆ. ನೀರು ಹನ್ನೆರಡು ಡಿಗ್ರಿ.'

ನಡೆಯುತ್ತಿದ್ದದ್ದು ಬೇರೆ. ಕ್ಯಾಮೆರಾದ ಟೈಮರ್ ಒತ್ತಿ, ಹಲ್ಲು ಕಚ್ಚಿಕೊಂಡು ಒಂದಷ್ಟು ದೂರ ಇಳಿದು, ಬೊಗಸೆಯಿಂದ ತಲೆಗೆ ನೀರು ಹೊಯ್ದುಕೊಂಡು, ಓಡಿಬಂದು ಕಾರಿನಲ್ಲಿ ಹೀಟರ್ ಹಾಕಿ ಕೂರುತ್ತಿದ್ದ. ಸುಳ್ಳು ಮೊದಲು ಎರಡು ನಿಮಿಷದ್ದಿತ್ತು. ಜನ ಹೊಗಳಿದ ಹಾಗೆ ಇಪ್ಪತ್ತಕ್ಕೆ ಬೆಳೆಯಿತು.

2016ರ ಅಕ್ಟೋಬರಿನಲ್ಲಿ ವಸಂತಲಕ್ಷ್ಮಿಯವರು ಫೋನ್ ಮಾಡಿದರು. ವಿಮಾನ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಗಂಡನ ಜೊತೆ ಮೂವತ್ತೈದು ವರ್ಷದ ಹಿಂದೆ ಇಲ್ಲಿಗೆ ಬಂದವರು. ಗಂಡ ತೀರಿಕೊಂಡು ವರ್ಷವಾಗಿತ್ತು.

"ದಿನಾ ನಿನ್ನ ಫೋಟೊ ನೋಡ್ತೀನಿ ಯತೀಶ. ಹೊನ್ನಾವರದಲ್ಲಿ ನಾವು ಹುಡುಗೀರೆಲ್ಲ ಹೊಳೇಲಿ ಈಜ್ತಿದ್ವಿ. ಈಗ ಮತ್ತೆ ನೀರಿಗಿಳೀಬೇಕು ಅನ್ಸಿದೆ. ಶನಿವಾರ ಬರ್ಲಾ? ನೀನಿದ್ರೆ ನಂಗೆ ಧೈರ್ಯ."

ಬೇಡವೆನ್ನಲು ಅವನಲ್ಲಿ ಒಂದೇ ಕಾರಣವಿತ್ತು. ಅದನ್ನು ಹೇಳಲು ಬಾಯಿ ಬರಲಿಲ್ಲ.

"ಬನ್ನಿ ಆಂಟಿ," ಎಂದ.

ಶನಿವಾರ ಅವರು ಕಾಲು ನೆನೆಸಿ "ಅಯ್ಯಪ್ಪ!" ಎಂದು ನಕ್ಕರು. "ಏನೂ ಆಗಲ್ವಾ?"

"ಮೆಲ್ಲಗೆ ಇಳೀರಿ. ಎರಡು ನಿಮಿಷದಲ್ಲಿ ಅಭ್ಯಾಸ ಆಗುತ್ತೆ," ಎಂದ, ಎಲ್ಲೋ ಓದಿದ್ದನ್ನು. "ನಿಮ್ಮದೊಂದು ಫೋಟೊ ತೆಗೆದು ನಾನೂ ಬರ್ತೀನಿ."

ವಸಂತಲಕ್ಷ್ಮಿ ನಿಜಕ್ಕೂ ಈಜುಗಾತಿ. ನೋಡನೋಡುತ್ತ ದೂರ ಹೋದರು. ಆಗಷ್ಟೇ ಬಿಸಿಲು ಮೂಡಿ ನೀರೆಲ್ಲ ಕಿತ್ತಳೆಯಾಗಿತ್ತು. ಯತೀಶ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ಅವರು ದಡದತ್ತ ತಿರುಗಿದ್ದನ್ನು, ಕೈ ಬೀಸು ನಿಧಾನವಾದದ್ದನ್ನು ಅದರಲ್ಲೇ ಕಂಡ. ಆಮೇಲೆ "ಯತೀಶಾ!" ಎಂಬ ಕೂಗು ಕೇಳಿತು.

ಓಡಿದ. ಸೊಂಟ ಮುಳುಗಿತು, ಎದೆ ಬಿಗಿಯಿತು, ಕಾಲುಗಳು ನಿಂತುಬಿಟ್ಟವು. ಮುಂದೆ ಹೋಗು ಎಂದು ತನ್ನನ್ನೇ ಬೈದುಕೊಂಡ. ಹೋಗಲಾಗಲಿಲ್ಲ. ಅಲ್ಲೇ ನಿಂತು "ಹೆಲ್ಪ್!" ಎಂದು ಕಿರುಚಿದ.

ದಿನವೂ ಅಲ್ಲಿ ಈಜುವ ಗುಂಪೊಂದು ತುಸು ದೂರದ ನೀರಿನಲ್ಲಿತ್ತು. ಅದರಲ್ಲಿದ್ದ ಕೆಂಪು ಟೋಪಿಯ ಹೆಂಗಸೊಬ್ಬಳು ತಿರುಗಿ, ನೇರ ಹೋಗಿ, ಅವರನ್ನು ಎಳೆದು ತಂದಳು. ಕಂಬಳಿ ಸುತ್ತಿಸಿ, ಕಾರಿನಲ್ಲಿ ಬೆಚ್ಚಗೆ ಕೂರಿಸಲು ಹೇಳಿ, ತಾನೂ ನಡುಗುತ್ತ ತನ್ನ ಬಟ್ಟೆ ಇದ್ದಲ್ಲಿಗೆ ಹೋದಳು. ವಸಂತಲಕ್ಷ್ಮಿಗೆ ಸರಿಯಾಗಿ ಎಚ್ಚರ ಬಂದಾಗ ಪಕ್ಕದಲ್ಲಿದ್ದವನು ಒದ್ದೆಯಾದ ಯತೀಶನೊಬ್ಬನೇ.

"ನೀನಿಲ್ದಿದ್ರೆ ನಾನು ಹೋಗ್ಬಿಡ್ತಿದ್ದೆ ಕಣೋ," ಎಂದರು.

ಈಗ ಹೇಳಬೇಕು ಅಂದುಕೊಂಡ. ಬಾಯಿಂದ ಬಂದದ್ದು ಬೇರೆ. "ಮಾತಾಡ್ಬೇಡಿ ಆಂಟಿ. ಟೀ ಕುಡೀರಿ."

ಯತೀಶ ವಸಂತಲಕ್ಷ್ಮಿಯವರನ್ನು ಉಳಿಸಿದನೆಂಬ ಸುದ್ದಿ ಎರಡು ದಿನದಲ್ಲಿ ಎಲ್ಲ ಕಡೆ ಹಬ್ಬಿತು. "ನಂಗೆ ಒಂದು ಮಾತೂ ಹೇಳ್ಲಿಲ್ವಲ್ರೀ," ಎಂದಳು ಹೆಂಡತಿ ಗ್ರೀಷ್ಮಾ, ಕಣ್ಣಲ್ಲಿ ನೀರು ತುಂಬಿಕೊಂಡು. "ಹೇಳ್ಕೊಳ್ಳೋಂಥದ್ದು ಏನೂ ಇಲ್ಲ," ಎಂದ. ಅದನ್ನೂ ಅವಳು ದೊಡ್ಡತನವೆಂದುಕೊಂಡು ಮೈಸೂರಿನ ಅಮ್ಮನಿಗೆ ಫೋನಿನಲ್ಲಿ ಹೇಳಿದಳು. ಪಕ್ಕದ ಕೋಣೆಯಲ್ಲಿ ಕೇಳುತ್ತಿದ್ದ ಯತೀಶನಿಗೆ ಮೈಮೇಲೆ ಕೆಂಡ ಸುರಿದಂತಾಯಿತು.

ಮುಂದಿನ ಶನಿವಾರ ಕನ್ನಡದವರ ದೀಪಾವಳಿ ಊಟ. ವಸಂತಲಕ್ಷ್ಮಿ ಅವನ ಕೈಹಿಡಿದು ಎಲ್ಲರ ಮುಂದೆ ಕರೆತಂದರು. "ಇವನು ನನ್ನ ಹೊಟ್ಟೇಲಿ ಹುಟ್ಟದ ಮಗ," ಎಂದರು. ಜನ ಚಪ್ಪಾಳೆ ತಟ್ಟಿದರು. ಆ ಸದ್ದನ್ನು ಯತೀಶನಿಗೆ ತಡೆದುಕೊಳ್ಳಲಾಗಲಿಲ್ಲ.

"ಆಂಟಿ, ನಿಮ್ಮನ್ನ ಎಳೆದು ತಂದಿದ್ದು ನಾನಲ್ಲ," ಎಂದ. "ನಾನು ಸೊಂಟದವರೆಗೂ ಬಂದು ನಿಂತ್ಬಿಟ್ಟೆ. ನಾನು ಯಾವತ್ತೂ ಅಲ್ಲಿ ಈಜೇ ಇಲ್ಲ. ಬರೀ ಫೋಟೊಗೆ ತಲೆ ನೆನೆಸ್ಕೋತಿದ್ದೆ."

ಯಾರೋ ತಮಾಷೆಯೆಂದುಕೊಂಡು ನಕ್ಕರು. ಗ್ರೀಷ್ಮಾ ತಲೆ ತಗ್ಗಿಸಿದಳು. ವಸಂತಲಕ್ಷ್ಮಿ ಹಿಡಿದಿದ್ದ ಕೈಯನ್ನು ನಿಧಾನವಾಗಿ ಬಿಟ್ಟರು.

"ಹಾಗಾದ್ರೆ ತಂದೋರು ಯಾರು?"

"ಒಬ್ಬಳು ಹೆಂಗಸು."

"ಹೆಸರು?"

ಅವನು ಕೇಳಿರಲಿಲ್ಲ. ಒಂದು ವಾರದಲ್ಲಿ ಒಮ್ಮೆಯೂ ಅದು ಅವನಿಗೆ ಹೊಳೆದಿರಲಿಲ್ಲ. ಸುಳ್ಳನ್ನು ಒಪ್ಪಿಕೊಂಡಾಗಲೂ ನಿಂತಿದ್ದವನಿಗೆ ಆ ಪ್ರಶ್ನೆಯ ಮುಂದೆ ನಿಲ್ಲಲಾಗಲಿಲ್ಲ. ಕುರ್ಚಿ ಹುಡುಕಿಕೊಂಡು ಕುಳಿತ.

ಮಾರನೆಯ ಬೆಳಗ್ಗೆ ಅವನೇ ಅವರನ್ನು ಆಲ್ಕೈಗೆ ಕರೆದೊಯ್ದು ಆ ಹೆಂಗಸನ್ನು ದೂರದಿಂದ ತೋರಿಸಿದ. ಅವಳ ಹೆಸರು ಎಲೆನ್. ವಸಂತಲಕ್ಷ್ಮಿ ಅವಳ ಎರಡೂ ಕೈ ಹಿಡಿದುಕೊಂಡರು. "ಇವರು ಕೂಗದಿದ್ದರೆ ನಾನು ತಿರುಗಿಯೇ ನೋಡುತ್ತಿರಲಿಲ್ಲ," ಎಂದು ಎಲೆನ್ ಇಂಗ್ಲಿಷಿನಲ್ಲಿ ಹೇಳಿ ಯತೀಶನ ಕಡೆ ಕೈ ಮಾಡಿದಳು. ಆ ಮಾತಿನಿಂದ ಅವನಿಗೆ ಒಂದಿಷ್ಟೂ ಹಗುರವಾಗಲಿಲ್ಲ.

ಯತೀಶ ಅವರನ್ನು ವಾಪಸು ಕರೆತಂದ. ಮನೆ ಮುಂದೆ ಇಳಿದ ಮೇಲೆ ವಸಂತಲಕ್ಷ್ಮಿ ಕಿಟಕಿಯತ್ತ ಬಗ್ಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ನಿಮಗೆ ತೊಂದರೆ ಆಯ್ತು ಯತೀಶ್ ಅವರೇ," ಎಂದರು. "ಇನ್ಮೇಲೆ ಎಲೆನ್ ಜೊತೆ ಈಜೋಕೆ ಹೋಗ್ತೀನಿ. ನೀವು ಹುಷಾರಾಗಿ ಡ್ರೈವ್ ಮಾಡಿ."

'ಕಣೋ' ಎಂದು ಕರೆದವರ ಬಾಯಲ್ಲಿ ಈಗ 'ನೀವು'. ಅವರ ಮನೆಯ ಬಾಗಿಲು ಮುಚ್ಚಿದ ಮೇಲೂ ಯತೀಶ ಕಾರು ಶುರುಮಾಡದೆ ಕೂತೇ ಇದ್ದ.